ಮಿರಜ್‌ಗೆ ಮೇಲ್ ಬರೆಯುವಾಗ

ಈಗ ನೀವು ಕೇಳುತ್ತಿರುವುದು ನಮ್ಮ ಅತ್ತೆಯ ತಂಬೂರಿ. ಕರಿ 4ಕ್ಕೆ, ಅಂದರೆ ಹಾರ್ಮೋನಿಯಂನ ನಾಲ್ಕನೇ ಕರಿ ಮನೆಯ ಸ್ವರಕ್ಕೆ, ಶ್ರುತಿ ಮಾಡಿದ್ದು. ನಡುವಿನ ಎರಡು ತಂತಿ ಗಮನಿಸಿ. ಎರಡೂ ಒಂದೇ ಸಾ, ಆದರೆ ಒಂದು ತುಂಬಿಕೊಂಡು ಝೇಂಕರಿಸುತ್ತದೆ, ಇನ್ನೊಂದು ಟಣ್ ಅಂದು ಅಲ್ಲೇ ನಿಂತುಬಿಡುತ್ತದೆ. ಜವಾರಿ, ಅಂದರೆ ತಂತಿಗೆ ಆ ಝೇಂಕಾರ ಕೊಡುವ ಹದ, ಹೋಗಿದೆ. ತಂತಿ ಕೂರುವ ಕುದುರೆಯ ಮೇಲೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಇಳಿಜಾರು ಇರುತ್ತದೆ. ವರ್ಷಗಟ್ಟಲೆ ಮೀಟಿದ ಮೇಲೆ ಅಲ್ಲಿ ಗೆರೆ ಬೀಳುತ್ತದೆ, ಅದನ್ನು ಮತ್ತೆ ಕೈಯಿಂದ ಉಜ್ಜಿ ಹದಕ್ಕೆ ತರಬೇಕು. ಕಿವಿ ಪಳಗಿದವರೇ ಮಾಡುವ ಕೆಲಸ ಇದು.

ಹಾಗಾಗಿ ಮಿರಜ್‌ನ ಒಂದು ಸಣ್ಣ ಕಾರ್ಖಾನೆಗೆ ಮೇಲ್ ಬರೆದೆ. ಮಿರಜ್ ಅಂದರೆ ಬೆಳಗಾವಿ ಗಡಿ ದಾಟಿದ ಮೇಲೆ ಸಾಂಗ್ಲಿ ಜಿಲ್ಲೆಯ ಊರು, ಕುಂದಗೋಳದ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು. ಮೊದಲು ಕತ್ತಿ, ಆಯುಧ ಮಾಡುತ್ತಿದ್ದ ಶಿಕಲಗಾರ ಮನೆತನದವರು 19ನೇ ಶತಮಾನದಿಂದ ಅಲ್ಲಿ ತಂಬೂರಿ, ಸಿತಾರ್ ಮಾಡುತ್ತಾ ಬಂದಿದ್ದಾರೆ. 2024ರಲ್ಲಿ ಈ ವಾದ್ಯಗಳಿಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಅಧಿಕೃತ ಗುರುತು, ಕೂಡ ಸಿಕ್ಕಿತು.

ಇಂಥವರಿಗೆ ಮೇಲ್ ಮಾಡಿದರೆ ಉತ್ತರ ಬರುವುದಿಲ್ಲ ಅಂತ ಸುಮಾರು ಜನ ಹೇಳುತ್ತಾರೆ. ನನಗೆ ಬಂತು. ಯಾಕೆ ಬಂತು ಅಂತ ನನಗೆ ಅನಿಸಿದ್ದನ್ನು ಹೇಳುತ್ತೇನೆ, ಯಾಕೆಂದರೆ ಇದು ನಿಮ್ಮಲ್ಲಿ ಯಾರಿಗಾದರೂ ಖಂಡಿತ ಬೇಕಾಗುತ್ತದೆ.

ಅಲ್ಲಿ ಮೇಲ್ ನೋಡಲು ಅಂತ ಯಾರೂ ಕೂತಿರುವುದಿಲ್ಲ. ತಂಬೂರಿಯ ಸೋರೆ ಬುರುಡೆ ಕೊರೆಯುವವರು, ಮೆರುಗು ಹಾಕುವವರು, ಅವರೇ ಕೆಲಸ ಮುಗಿದ ಮೇಲೆ ಮೊಬೈಲ್ ತೆಗೆಯುತ್ತಾರೆ. 'ತಂಬೂರಿ ರೇಟ್ ಎಷ್ಟು?' ಅಂತ ಒಂದೇ ಸಾಲು ಕಂಡರೆ ಅವರಾದರೂ ಏನು ಹೇಳಬೇಕು? ಗಂಡಸರದ್ದೋ ಹೆಂಗಸರದ್ದೋ, ಯಾವ ಶ್ರುತಿ, ಬುರುಡೆ ಎಷ್ಟು ದೊಡ್ಡದು, ಕೆತ್ತನೆ ಬೇಕೋ ಬೇಡವೋ, ಒಂದೊಂದಕ್ಕೂ ಬೆಲೆ ಬೇರೆ ಅಲ್ವಾ?

ನಾನು ಸಬ್ಜೆಕ್ಟ್‌ನಲ್ಲೇ 'ಹೆಂಗಸರ ತಂಬೂರಿ, ಕರಿ 4, ಜವಾರಿ ಕೆಲಸ' ಅಂತ ಹಾಕಿದೆ. ಒಳಗೆ ನಾಲ್ಕೈದು ಸಾಲು, ಸರಳ ಹಿಂದಿಯಲ್ಲಿ. ಕುದುರೆಯನ್ನು ಪಕ್ಕದಿಂದ ತೆಗೆದ ಫೋಟೋ, ಇಡೀ ವಾದ್ಯದ ಒಂದು ಫೋಟೋ, ಮತ್ತೆ ಒಂದೊಂದೇ ತಂತಿ ಮೀಟಿದ ರೆಕಾರ್ಡಿಂಗ್. ಈ ರೆಕಾರ್ಡಿಂಗೇ ಮುಖ್ಯ, ದಯವಿಟ್ಟು ಬಿಡಬೇಡಿ. ನಾವು ಎಷ್ಟೇ ವಿವರಿಸಿ ಬರೆದರೂ ಅವರು ಕಿವಿಯಿಂದ ಹಿಡಿಯುವುದನ್ನು ಹೇಳಲು ಆಗುವುದಿಲ್ಲ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ನೀವು ಸರಿ ಮಾಡಿಕೊಡುತ್ತೀರಾ? ಕೆಳಗೆ ಫೋನ್ ನಂಬರ್.

ಉತ್ತರ ಬಂದದ್ದು ಪ್ರಶ್ನೆಯಾಗಿ. ಕುದುರೆಯ ಮೇಲೆ ತಂತಿಯ ಕೆಳಗಿರುವ ದಾರ ಸರಿಸಿ ನೋಡಿದಿರಾ? ಕುದುರೆ ಎಲುಬಿನದೋ, ಪ್ಲಾಸ್ಟಿಕ್ಕೋ? ತಂತಿ ಬದಲಿಸಿ ಎಷ್ಟು ದಿನವಾಯಿತು? ನಮಸ್ಕಾರ ಇಲ್ಲ, ಹೆಸರೂ ಇಲ್ಲ. ಅದನ್ನು ಒರಟು ಅಂದುಕೊಳ್ಳಬೇಡಿ. ಅವರ ತಲೆಯಲ್ಲಿ ನಿಮ್ಮ ವಾದ್ಯದ ಕೆಲಸ ಆಗಲೇ ಶುರುವಾಗಿದೆ ಅಂತ ಅರ್ಥ, ನನಗಂತೂ ಅದನ್ನು ಓದಿ ತುಂಬಾ ಖುಷಿಯಾಯಿತು. ಅದೇ ಮೇಲ್‌ಗೆ, ಅವತ್ತೇ ಉತ್ತರ ಕೊಡಿ. ಹೊಸ ಮೇಲ್ ಶುರು ಮಾಡಿದರೆ ಫೋಟೋ, ರೆಕಾರ್ಡಿಂಗ್ ಎಲ್ಲಾ ಅವರು ಮತ್ತೆ ಹುಡುಕಬೇಕು.

ಇನ್ನೊಂದು ವಿಷಯ. ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಮಿರಜ್‌ಗೆ ರೈಲಿದೆ. ಆದರೆ ಪಾರ್ಸೆಲ್ ಮಾಡಬೇಡಿ, ದಿನ ಕೇಳಿಕೊಂಡು ನೀವೇ ಒಯ್ಯಿರಿ, ಹಾಡುವವರನ್ನೂ ಕರೆದುಕೊಂಡು ಹೋಗಿ. ಜವಾರಿ ಎಷ್ಟು ತೆರೆದಿರಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ರೀತಿ. ಅವರು ಉಜ್ಜುತ್ತಾ ಮೀಟಿ ತೋರಿಸುವಾಗ ಸಾಕು ಅನ್ನಲು ಹಾಡುವವರೇ ಎದುರಿಗಿರಬೇಕು.