ಮರದ ಬಾಣ ಕೊಳ್ಬೇಡಿ, ಮಾಡ್ಕೊಳ್ಳಿ. ಕೊಳ್ಳೋದಾದ್ರೆ ಕಾರ್ಬನ್

ನಮಸ್ಕಾರ ಎಲ್ರಿಗೂ. ಶಿವಮೊಗ್ಗದಲ್ಲಿ ಮಳೆ ಹಿಡ್ಕೊಂಡು ಕೂತಿದೆ, ಹೆಂಚಿನ ಮೇಲೆ ಬೀಳೋ ಸದ್ದು ಮೈಕಲ್ಲಿ ಬಂದ್ರೆ ಸಹಿಸ್ಕೊಳ್ಳಿ, ಅದಕ್ಕೆ ನನ್ ಹತ್ರ ಔಷಧಿ ಇಲ್ಲ.

ಇವತ್ತಿನ ವಿಷ್ಯ ಬಾಣ. ಬಿಲ್ಲು ಅಲ್ಲ, ಬಾಣ. ಸಾಂಪ್ರದಾಯಿಕ ಬಿಲ್ಲು, ಅಂದ್ರೆ ಗುರಿ ನೋಡೋ ಸೈಟ್ ಇಲ್ಲ, ಬಿಲ್ಲು ಅಲುಗಾಡದ ಹಾಗೆ ತಡೆಯೋ ಸ್ಟೆಬಿಲೈಜರ್ ಇಲ್ಲ, ಬರೀ ಒಂದು ಕೋಲು ಒಂದು ಹೆದೆ, ಅಂಥದ್ದನ್ನ ತಗೊಂಡ ಪ್ರತಿಯೊಬ್ರೂ ಕೇಳೋ ಪ್ರಶ್ನೆ ಮರದ ಬಾಣ ತಗೊಳ್ಳೋದಾ ಕಾರ್ಬನ್ ಫೈಬರ್‌ದು ತಗೊಳ್ಳೋದಾ ಅಂತ. ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಬೈಯೋರು ಬೈಬಹುದು. ದುಡ್ಡು ಕೊಟ್ಟು ಕೊಳ್ಳೋದಾದ್ರೆ ಕಾರ್ಬನ್ ಕೊಳ್ಳಿ. ಮರದ್ದು, ಬಿದಿರಿಂದು ಬೇಕು ಅಂದ್ರೆ ಕೂತ್ಕೊಂಡು ಮಾಡಿ. ರೆಡಿಮೇಡ್ ಮರದ ಬಾಣಕ್ಕೆ ದುಡ್ಡು ಸುರಿಯೋದು ಮಾತ್ರ ನಮ್ಮ ಮಲೆನಾಡಲ್ಲಿ ಅರ್ಥ ಇಲ್ಲದ ಕೆಲಸ.

ತಕ್ಷಣ ಒಂದು ಮಾತು ಬರತ್ತೆ: ಸಾಂಪ್ರದಾಯಿಕ ಅಂದ್ಮೇಲೆ ಕಾರ್ಬನ್ ಹೆಂಗ್ರೀ? ಸರಿ, ಯಾರ ಸಂಪ್ರದಾಯ ಅಂತ ನೋಡೋಣ. ಆನ್‌ಲೈನಲ್ಲಿ ಒಳ್ಳೆ ಮರದ ಬಾಣ ಅಂತ ಮಾರೋದು ಹೆಚ್ಚಾಗಿ ಪೋರ್ಟ್ ಆರ್ಫರ್ಡ್ ಸೀಡರ್, ಅದು ಅಮೆರಿಕದ ಆರಿಗನ್ ಕರಾವಳಿ ಕಡೆ ಬೆಳೆಯೋ ಮರ, ಇಲ್ಲಾಂದ್ರೆ ಸ್ಪ್ರೂಸ್ ಇಲ್ಲಾ ಪೈನ್. ಮರವನ್ನ ದುಂಡಗೆ ಹೆರೆದು ಬಾಣ ಮಾಡೋ ರೂಢಿಗೆ ಎಲ್ಲರೂ ತೋರಿಸೋ ಉದಾಹರಣೆ ಇಂಗ್ಲಿಷರ ಲಾಂಗ್‌ಬೋ, ಅಂದ್ರೆ ಆಳೆತ್ತರದ ಮರದ ಬಿಲ್ಲು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಮೇರಿ ರೋಸ್ ಹಡಗಲ್ಲಿ ಸಾವಿರಾರು ಬಾಣ ಸಿಕ್ಕಿದವು, ಹೆಚ್ಚಿನವು ಪಾಪ್ಲರ್ ಮರದ್ದು. ಅದು ಅವರ ಚರಿತ್ರೆ, ಚೆನ್ನಾಗಿದೆ. ನಮ್ಮ ದೇಶದ ಹಳೇ ಧನುರ್ವೇದದ ಕಡೆ ಬಂದ್ರೆ ಅಲ್ಲಿ ಬಾಣ ಅಂದ್ರೆ ಜೊಂಡು, ಬಿದಿರು, ಅದರ ಜೊತೆಗೆ ನಾರಾಚ, ಅಂದ್ರೆ ಪೂರ್ತಿ ಲೋಹದ ಬಾಣ. ಮಹಾಭಾರತದ ಯುದ್ಧದಲ್ಲಿ ಪುಟಪುಟಕ್ಕೂ ನಾರಾಚ ಹಾರಾಡ್ತಾವೆ, ಯಾವನೂ ಎದ್ದು ನಿಂತು ಇದು ಸಂಪ್ರದಾಯ ಅಲ್ಲ ಅಂತ ತಕರಾರು ಮಾಡಿಲ್ಲ. ಶಿವಪ್ಪನಾಯಕ ಅರಮನೆಗೆ ಹೋಗಿ ಅಲ್ಲಿಟ್ಟಿರೋ ವೀರಗಲ್ಲುಗಳನ್ನ ನೋಡ್ಕೊಂಡು ಬನ್ನಿ, ಯುದ್ಧ ಮಾಡಿ ಸತ್ತೋರನ್ನ ಕಲ್ಲಲ್ಲಿ ನಿಲ್ಸಿದಾರೆ. ಆ ಕಾಲದ ನಮ್ಮೋರು ಆರಿಗನ್ ಸೀಡರ್ ತರಿಸ್ತಿರಲಿಲ್ಲ, ಇಷ್ಟು ಗ್ಯಾರಂಟಿ.

ಇನ್ನೊಂದು ಕಡೆಯಿಂದ ನೋಡಿ. ಅಡಿಕೆ ತೋಟದಲ್ಲಿ ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ ಅಲ್ವಾ. ಮರ ಹತ್ತೋ ಕೊನೆಗೌಡರು ಸಿಗ್ತಿಲ್ಲ, ಹಂಗಾಗಿ ನೆಲದ ಮೇಲೆ ನಿಂತೇ ಕೊನೆ ಇಳಿಸ್ತಾರೆ, ಅದೇ ದೋಟಿಲಿ ಬೋರ್ಡೋ ಹೊಡೀತಾರೆ. ಎಪ್ಪತ್ತು ವರ್ಷದ ಅಜ್ಜಂದಿರೂ ಒಂದು ಸಲ ಎತ್ತಿ ನೋಡಿ, ಹಗುರ ಇದೆ ಮಾರಾಯ, ನೆಟ್ಟಗೂ ಇದೆ ಅಂತ ಒಪ್ಕೊಂಡ್ರು. ಬಿದಿರಿನ ದೋಟಿ ಬಿಟ್ರೆ ಅಡಿಕೆಯ ಪಾವಿತ್ರ್ಯ ಹೋಗತ್ತೆ ಅಂತ ಯಾರೂ ಅಳಲಿಲ್ಲ. ಆದ್ರೆ ಕಾರ್ಬನ್‌ನಲ್ಲಿ ಕರೆಂಟ್ ಹರಿಯತ್ತೆ, ತೋಟದ ಮೇಲೆ ಲೈನ್ ಹೋಗಿದ್ರೆ ಪ್ರಾಣಕ್ಕೇ ಸಂಚಕಾರ, ಅದನ್ನ ಕಲ್ತು ಬಳಸ್ತಾರೆ. ಬಾಣಕ್ಕೂ ಅಷ್ಟೇ ಬುದ್ಧಿ ಸಾಕು.

ಈಗ ಅಸಲಿ ವಿಷ್ಯ, ಸ್ಪೈನ್. ಬಾಣ ಎಷ್ಟು ಬಾಗತ್ತೆ ಅನ್ನೋ ಲೆಕ್ಕ. ಬಾಣ ಬಿಟ್ಟ ಕೂಡಲೇ ನೆಟ್ಟಗೆ ಹೋಗಲ್ಲ, ಮೀನಿನ ಥರ ಬಳುಕಿ ಬಿಲ್ಲಿನ ಹಿಡಿಯನ್ನ ಸುತ್ತಿ ದಾಟತ್ತೆ, ಇದನ್ನ 1930ರ ದಶಕದಲ್ಲೇ ಹೈಸ್ಪೀಡ್ ಕ್ಯಾಮೆರಾಲಿ ಹಿಡಿದು ತೋರ್ಸಿದಾರೆ. ತೀರಾ ಗಟ್ಟಿ ಬಾಣ ಆದ್ರೆ ಬಲಗೈಯವರಿಗೆ ಎಡಕ್ಕೆ ಹೋಗತ್ತೆ, ತೀರಾ ಮೆತ್ತಗಿದ್ರೆ ಬಲಕ್ಕೆ. ಇದರ ಜೊತೆಗೆ ನಿಮ್ಮ ಬೆರಳು ಹೆದೆಯನ್ನ ಹೆಂಗೆ ಬಿಡ್ತು ಅನ್ನೋದ್ರಿಂದಲೂ ಬಾಣ ಎಡ ಬಲ ಹೋಗತ್ತೆ. ಹೊಸಬರ ಕೈಗೆ ಒಂದು ಡಜನ್ ಮರದ ಬಾಣ ಕೊಟ್ರಿ ಅಂತಿಟ್ಕೊಳ್ಳಿ, ಒಂದು 40 ಪೌಂಡ್ ಸ್ಪೈನು, ಒಂದು 48, ಒಂದರ ತೂಕ ಒಂದಕ್ಕಿಲ್ಲ, ಒಂದು ಸ್ವಲ್ಪ ಸೊಟ್ಟ, ಮೂರು ಎಡಕ್ಕೆ ಎರಡು ಬಲಕ್ಕೆ ಹೋದವು, ಈಗ ತಪ್ಪು ಬೆರಳಿಂದಾ ಬಾಣದ್ದಾ? ಗೊತ್ತಾಗೋಕೆ ದಾರಿನೇ ಇಲ್ಲ. ಆ ಮನುಷ್ಯ ಇಲ್ಲದ ತಪ್ಪನ್ನ ತಿದ್ಕೊಳ್ಳೋಕೆ ಹೋಗಿ ಇದ್ದ ಸರಿ ರೀತಿನೂ ಕೆಡಿಸ್ಕೊಳ್ತಾನೆ. ಕಾರ್ಬನ್‌ನಲ್ಲಿ ಆರೂ ಬಾಣ ಹೆಚ್ಚೂಕಮ್ಮಿ ಒಂದೇ ಥರ ಇರತ್ತೆ, ಎಡಕ್ಕೆ ಹೋಯ್ತು ಅಂದ್ರೆ ಕೈ ನೋಡ್ಕೊಳ್ಳಿ ಅಷ್ಟೆ.

ಮಳೆ ವಿಷ್ಯ ಬಿಡೋಕಾಗಲ್ಲ. ಆಗುಂಬೆಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಬೀಳೋದು, ತೀರ್ಥಹಳ್ಳಿ ಹೊಸನಗರದ ಕಡೆ ಜೂನಿಂದ ಸೆಪ್ಟೆಂಬರ್ ತನಕ ಬೀರುಲಿ ಇಟ್ಟ ಬಟ್ಟೆಗೆ ಬೂಷ್ಟು ಬರತ್ತೆ, ಚಪ್ಪಲಿಗೆ ಬರತ್ತೆ, ಇನ್ನು ಮರದ ಕಡ್ಡಿ ಕಥೆ ಏನು? ಮರ ತೇವ ಹೀರ್ಕೊಂಡು ಸೊಟ್ಟ ಆಗತ್ತೆ, ತೂಕ ಏರತ್ತೆ. ವಾರ್ನಿಷ್ ಹೊಡೆದ್ರೂ ನಿಧಾನ ಆಗತ್ತೆ ಅಷ್ಟೆ, ನಿಲ್ಲಲ್ಲ. ಮರದ ಬಾಣ ಇಟ್ಕೊಂಡೋರು ಹೊಡೆಯೋ ಮೊದಲು ಪ್ರತಿ ಸಲ ಕಣ್ಣಿಗೆ ಹಿಡಿದು ನೋಡಿ, ಬೆರಳಲ್ಲಿ ಒತ್ತಿ ನೆಟ್ಟಗೆ ಮಾಡ್ಬೇಕು. ಕೆಲವರಿಗೆ ಆ ಕೆಲಸನೇ ಖುಷಿ. ಆ ಖುಷಿ ಇರೋರು ಹೆಂಗೂ ಬಾಣನ ಕೊಳ್ಳೋದಿಲ್ಲ, ಮಾಡ್ತಾರೆ.

ಇನ್ನು ಯೂಟ್ಯೂಬಲ್ಲಿ ಅಮೆರಿಕದವರ ಜಗಳ ಕೇಳಿ ನಿರ್ಧಾರ ಮಾಡ್ಬೇಡಿ. ಅವರ ವಾದದಲ್ಲಿ ಅರ್ಧ ಭಾಗ ಬೇಟೆ: ಜಿಂಕೆ ಮೂಳೆಗೆ ಯಾವ ಬಾಣ ಎಷ್ಟು ಆಳ ಹೋಗತ್ತೆ ಅಂತ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಬಿಲ್ಲು ಹಿಡ್ಕೊಂಡು ಕಾಡಿಗೆ ಹೋದ್ರೆ ಫಾರೆಸ್ಟ್‌ನೋರು ಜೀಪು ಹತ್ತಿಸ್ತಾರೆ. ನಮ್ಮದು ಬೈಹುಲ್ಲಿನ ಕಟ್ಟು, ಹಳೇ ಬಟ್ಟೆ ತುಂಬಿದ ಅಡಿಕೆ ಚೀಲ, ಹಿಂದೆ ಮಣ್ಣಿನ ಧರೆ. ಅದಕ್ಕೆ ಬೇಕಾಗಿದ್ದು ಒಂದೇ ಥರ ಹೋಗೋ ಬಾಣ. ಹಾಂ, ಹಿಂದೆ ಕೆಂಪುಕಲ್ಲಿನ ಗೋಡೆ ಇದ್ರೆ ಮರದ್ದೂ ಉಳಿಯಲ್ಲ ಕಾರ್ಬನ್ನೂ ಉಳಿಯಲ್ಲ, ಜಾಗ ಬದಲಿಸಿ.

ಕಾರ್ಬನ್ ಕೊಳ್ಳೋವಾಗ ಹತ್ತರಲ್ಲಿ ಎಂಟು ಜನ ಒಂದೇ ಗುಂಡಿಗೆ ಬೀಳ್ತಾರೆ. ಮರದ ಬಾಣದ ಸ್ಪೈನ್ ಪೌಂಡಲ್ಲಿ ಹೇಳ್ತಾರೆ, ಸಂಖ್ಯೆ ದೊಡ್ಡದಾದಷ್ಟೂ ಗಟ್ಟಿ. ಕಾರ್ಬನ್‌ದು ಉಲ್ಟಾ. 28 ಇಂಚು ಅಂತರದ ಎರಡು ಆಧಾರದ ಮೇಲೆ ಬಾಣ ಇಟ್ಟು ಮಧ್ಯಕ್ಕೆ 880 ಗ್ರಾಂ ತೂಗು ಹಾಕಿದಾಗ ಅರ್ಧ ಇಂಚು ಬಾಗಿದ್ರೆ ಅದು 500, ಇನ್ನೂ ಜಾಸ್ತಿ ಬಾಗಿದ್ರೆ 600, 700. ಅಂದ್ರೆ ಸಂಖ್ಯೆ ದೊಡ್ಡದು, ಬಾಣ ಮೆತ್ತಗೆ. ಅಂಗಡಿಯವನು 400 ಕೊಡ್ತಾನೆ, ಅದು ಬೇರೆ ಥರದ ಬಿಲ್ಲಿಗೆ ಮಾಡಿದ್ದು, ನಿಮ್ಮ 40 ಪೌಂಡ್ ಬಿಲ್ಲಿಗೆ, ಅಂದ್ರೆ ಪೂರ್ತಿ ಎಳೆಯೋಕೆ ಅಷ್ಟು ಬಲ ಬೇಕಾಗೋ ಬಿಲ್ಲಿಗೆ, ಕಬ್ಬಿಣದ ಸರಳಿನ ಥರ ಗಟ್ಟಿ. ಅಂಥ ಬಿಲ್ಲಿಗೆ, ಅದರಲ್ಲೂ ಬಾಣ ಕೂರೋಕೆ ಮಧ್ಯ ತನಕ ಕಚ್ಚು ಇಲ್ಲದ ಬಿದಿರಿನ ಬಿಲ್ಲಿಗೆ, 600 ಇಲ್ಲಾ 700 ಹತ್ರದಿಂದ ಶುರು ಮಾಡಿ. ಬಾಣನ ಉದ್ದವಾಗೇ ಬಿಡಿ, ಮೊದಲ ದಿನನೇ ಕತ್ತರಿಸ್ಬೇಡಿ, ಕತ್ತರಿಸಿದಷ್ಟೂ ಗಟ್ಟಿ ಆಗ್ತಾ ಹೋಗತ್ತೆ, ಕತ್ತರಿಸಿದ್ದನ್ನ ಅಂಟಿಸೋಕಾಗಲ್ಲ.

ತೂಕನೂ ನೋಡಿ, ಇದು ಬಿಲ್ಲಿನ ಆಯಸ್ಸಿನ ಪ್ರಶ್ನೆ. ಮರದ ಅಥವಾ ಬಿದಿರಿನ ಬಿಲ್ಲಿಗೆ ಒಂದು ಪೌಂಡಿಗೆ 10 ಗ್ರೇನ್ ಅನ್ನೋದು ಹಳೇ ಲೆಕ್ಕ. 40 ಪೌಂಡಿಗೆ 400 ಗ್ರೇನ್, ಅಂದ್ರೆ ಸುಮಾರು 26 ಗ್ರಾಂ. ತೆಳು ಕಾರ್ಬನ್ ಕಡ್ಡಿ, 100 ಗ್ರೇನ್ ಮೊನೆ ಹಾಕಿದ್ರೆ ಇದಕ್ಕಿಂತ ಎಷ್ಟೋ ಕಡಿಮೆ ಬರತ್ತೆ. ಹಗುರ ಬಾಣ ಬಿಲ್ಲಿನ ಶಕ್ತಿನ ಪೂರ್ತಿ ತಗೊಂಡು ಹೋಗಲ್ಲ, ಉಳಿದದ್ದು ಬಿಲ್ಲಿನ ಮೈಗೇ ವಾಪಸ್ ಬಡಿಯತ್ತೆ, ಖಾಲಿ ಹೆದೆ ಎಳೆದು ಬಿಟ್ಟ ಹಾಗೆ. ಹಂಗಾಗಿ 150, 175 ಗ್ರೇನಿನ ಮೊನೆ ಹಾಕಿ, ಇಲ್ಲಾ ಕಡ್ಡಿ ಒಳಗೆ ಕೂತು ಮೊನೆ ಹಿಡ್ಕೊಳ್ಳೋ ಹಿತ್ತಾಳೆ ಇನ್ಸರ್ಟ್ ಹಾಕಿ. ಮೊನೆ ಭಾರ ಆದಷ್ಟೂ ಬಾಣ ಮೆತ್ತಗಾದ ಹಾಗೆ ವರ್ತಿಸತ್ತೆ, ಹಂಗಾಗಿ 700 ಬದಲು 600. ಸ್ವಲ್ಪ ತಲೆನೋವು ಹೌದು, ಆದ್ರೆ ಒಂದ್ಸಲ ಕೂತ್ರೆ ಕೂತಂಗೆ.

ಗರಿ ಹಕ್ಕಿದೇ ಇರ್ಲಿ, ಪ್ಲಾಸ್ಟಿಕ್ ವೇನ್ ಬೇಡ. ಕೈ ಮೇಲಿಂದಲೋ ಕಚ್ಚಿನ ಮೇಲಿಂದಲೋ ಹೊಡೆಯೋವಾಗ ಗರಿ ಮಡಚ್ಕೊಂಡು ದಾಟತ್ತೆ, ಪ್ಲಾಸ್ಟಿಕ್ ಒದ್ದು ಬಾಣದ ದಾರಿ ತಪ್ಪಿಸತ್ತೆ. ಒಂದು ಬಾಣಕ್ಕೆ ಮೂರೂ ಗರಿ ಒಂದೇ ಬದಿ ರೆಕ್ಕೆದು, ಎಡ ಅಂದ್ರೆ ಮೂರೂ ಎಡ. ಟರ್ಕಿ ಕೋಳಿದು ಸಿಗತ್ತೆ, ಸಾಕು. ಮಳೇಲಿ ನೆಂದ್ರೆ ಮಾತ್ರ ಮುದುಡಿ ಹೋಗತ್ತೆ, ಅದಕ್ಕೆ ಪರಿಹಾರ ಮನೆ ಒಳಗಿರೋದು.

ಈಗ ಕಾರ್ಬನ್ ವಿರುದ್ಧದ ಮಾತು, ನಾನೇ ಹೇಳ್ತೀನಿ, ಇದನ್ನ ಮಾರೋರು ಹೇಳಲ್ಲ. ಕಾರ್ಬನ್ ಬಾಣ ಒಳಗೊಳಗೇ ಬಿರುಕು ಬಿಟ್ಟು ಹೊರಗೆ ನುಣ್ಣಗೆ ಕಾಣ್ತಾ ಇರತ್ತೆ. ಅದನ್ನ ಹೂಡಿ ಎಳೆದು ಬಿಟ್ರೆ ಬಿಲ್ಲು ಹಿಡಿದ ಕೈ ಮೇಲೇ ಸೀಳಿ ನೂರಾರು ಸೂಜಿ ಆಗತ್ತೆ, ಮಾಂಸಕ್ಕೆ ಹೊಕ್ಕ ಆ ಎಳೆಗಳನ್ನ ಡಾಕ್ಟ್ರೂ ಸುಲಭಕ್ಕೆ ತೆಗೆಯೋಕಾಗಲ್ಲ. ಹಂಗಾಗಿ ಕಲ್ಲಿಗೆ ಬಡಿದ ಬಾಣ, ಇನ್ನೊಂದು ಬಾಣಕ್ಕೆ ತಾಗಿದ ಬಾಣ, ಯಾವುದೇ ಇರ್ಲಿ, ಮತ್ತೆ ಹೂಡೋ ಮೊದಲು ಎರಡೂ ತುದಿ ಹಿಡಿದು ಮುಖದಿಂದ ದೂರ ಇಟ್ಕೊಂಡು ಸ್ವಲ್ಪ ಬಾಗಿಸಿ, ತಿರುಗಿಸಿ ತಿರುಗಿಸಿ ಬಾಗಿಸಿ, ಚಿಟಚಿಟ ಅಂದ್ರೆ ಮುರಿದು ಎಸೀರಿ. ಅಯ್ಯೋ ದುಡ್ಡು ಅನ್ಬೇಡಿ.

ಎಸೆಯೋದಾದ್ರೂ ಎಲ್ಲಿಗೆ? ಇದೇ ನನಗೆ ಕಾರ್ಬನ್ ಬಗ್ಗೆ ಇರೋ ದೊಡ್ಡ ತಕರಾರು. ನಾವು ಹೊಡೆಯೋದು ಬೇಣದಲ್ಲಿ, ಕೊಯ್ಲಾದ ಗದ್ದೇಲಿ, ಅಲ್ಲಿ ದನ ಮೇಯತ್ತೆ. ಹುಲ್ಲೊಳಗೆ ಕಳೆದ ಮರದ ಕಡ್ಡಿ ಎರಡು ಮಳೆಗಾಲಕ್ಕೆ ಗೊಬ್ಬರ, ಕಾರ್ಬನ್ ಚೂರು ಕೊಳೆಯಲ್ಲ, ಯಾರದ್ದೋ ಹಸುವಿನ ಹೊಟ್ಟೆಗೆ ಹೋಗತ್ತೆ. ದನ ಮೇಯೋ ಜಾಗದಲ್ಲಿ ಹೊಡೆಯೋರು ಬಾಣ ಎಣಿಸಿ ಹೊಡೀರಿ ಎಣಿಸಿ ಎತ್ಕೊಳ್ಳಿ, ಒಂದು ಕಮ್ಮಿ ಆದ್ರೂ ಹುಡುಕಿ, ಬಣ್ಣ ಎದ್ದು ಕಾಣೋ ಗರಿ ಹಾಕಿ. ಅದಾಗಲ್ಲ ಅಂದ್ರೆ ಅಲ್ಲಿ ಕಾರ್ಬನ್ ಬೇಡವೇ ಬೇಡ.

ಮಾಡ್ಕೊಳ್ಳೋರಿಗೆ ಬರೋಣ. ಫರ್ನಿಚರ್ ಅಂಗಡಿಯ ದುಂಡು ಕಡ್ಡಿ ತಂದು ಬಾಣ ಮಾಡ್ಬೇಡಿ ದಯವಿಟ್ಟು. ಮರದ ಎಳೆ ಕಡ್ಡಿಯ ಈ ತುದಿಯಿಂದ ಆ ತುದಿ ತನಕ ಓಡ್ಬೇಕು, ಮಧ್ಯೆ ಓರೆಯಾಗಿ ಹೊರಗೆ ಬಂದಿದ್ರೆ ಅಲ್ಲೇ ಸೀಳಿ ಮುಂಗೈಗೆ ನುಗ್ಗತ್ತೆ. ಮರದ ಬಾಣ ಸೇಫ್ ಅನ್ನೋರು ಇದನ್ನ ಮರೀತಾರೆ. ಅಡಿಕೆ ದಬ್ಬೆಲಿ ಆಗತ್ತಾ ಅಂತ ತುಂಬಾ ಜನ ಕೇಳ್ತಾರೆ. ಬೇಲಿಗೆ ಚೆಂದ, ಬಾಣಕ್ಕೆ ಭಾರ, ಮತ್ತೆ ಎಳೆ ಬಿಟ್ಟು ಕೈಗೆ ಚುಚ್ಚತ್ತೆ.

ನಮ್ಮಲ್ಲಿ ಬಿದಿರೇ ಸರಿ. ಹಳ್ಳದ ಬದಿ ಬೆಳೆಯೋ ವಾಟೆ ಇದೆ, ಗೆಣ್ಣು ದೂರ ದೂರ, ಹಗುರ, ಆದ್ರೆ ಒಳಗೆ ಟೊಳ್ಳು, ಹಂಗಾಗಿ ಮುಂದೆ ಗಟ್ಟಿ ಮರದ ತುಂಡು ಸೇರಿಸಿ ನೂಲು ಸುತ್ತಿ ಮೊನೆ ಹಾಕ್ಬೇಕು. ಕಿರುಬಿದಿರಿನ ಸಣ್ಣ ಗಳ ಆದ್ರೆ ಒಳಗೆ ತುಂಬ್ಕೊಂಡಿರತ್ತೆ, ಸ್ವಲ್ಪ ಭಾರ, ಬಾಳಿಕೆ ಬರತ್ತೆ. ಸ್ವಂತ ಜಾಗದಲ್ಲಿ ಬೆಳೆದಿದ್ರೆ ತೊಂದ್ರೆ ಇಲ್ಲ, 2017ರ ತಿದ್ದುಪಡಿ ಆದ್ಮೇಲೆ ಕಾಡಿನ ಹೊರಗೆ ಬೆಳೆದ ಬಿದಿರು ಕೇಂದ್ರದ ಅರಣ್ಯ ಕಾಯ್ದೆಲಿ ಮರದ ಲೆಕ್ಕಕ್ಕೆ ಬರಲ್ಲ. ಕಾಡಿಂದ ಕಡಿದ್ರೆ ಬೇರೆ ಕಥೆ, ಕೈ ಹಾಕ್ಬೇಡಿ. ಮೇದಾರರ ಹತ್ರ ಕೂತು ಕೇಳಿ, ಗಳದ ವಯಸ್ಸು ಮೈ ನೋಡೇ ಹೇಳ್ತಾರೆ. ಅಮಾವಾಸ್ಯೆ ಹತ್ರ ಕಡಿದ್ರೆ ಹುಳ ಹಿಡಿಯಲ್ಲ ಅಂತಾರೆ. ಚಂದ್ರನ ವಿಷ್ಯ ಅವರಿಗೇ ಬಿಡ್ತೀನಿ. ಹುಳ ಬರೋದು ಬಿದಿರಲ್ಲಿರೋ ಗಂಜಿಗೆ, ಅಂದ್ರೆ ಪಿಷ್ಟಕ್ಕೆ, ಮಳೆ ಪೂರ್ತಿ ನಿಂತ ಮೇಲೆ ಕಡಿದ್ರೆ ಅದು ಕಮ್ಮಿ. ಆಮೇಲೆ ನೆರಳಲ್ಲಿ ಒಣಗಿಸಿ, ಒಲೆ ಮೇಲಿನ ಅಟ್ಟ ಇನ್ನೂ ಇದ್ರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಹೊಗೆ ಕುಡಿದ ಬಿದಿರಿಗೆ ಹುಳ ಹತ್ರ ಬರಲ್ಲ. ಒಣಗಿದ್ದನ್ನ ಕೆಂಡಕ್ಕೆ ಹಿಡಿದು ಬಿಸಿ ಬಿಸಿ ಇರೋವಾಗ್ಲೇ ನೆಟ್ಟಗೆ ಮಾಡಿ, ಗೆಣ್ಣು ಹೆರೆದು ಸಮ ಮಾಡಿ, ಹೆದೆ ಕೂರೋ ಕಚ್ಚನ್ನ ಗೆಣ್ಣಿನ ಪಕ್ಕದಲ್ಲೇ ಕೊರೀರಿ, ಇಲ್ಲಾಂದ್ರೆ ಸೀಳತ್ತೆ, ಮತ್ತೆ ನೂಲು ಸುತ್ತೋದು ಮರೀಬೇಡಿ.

ಸ್ಪೈನ್ ಅಳೆಯೋಕೆ ಮೆಷಿನ್ ಬೇಡ. ಹಲಗೆಗೆ 26 ಇಂಚು ಅಂತರದಲ್ಲಿ ಎರಡು ಮೊಳೆ, ಅದರ ಮೇಲೆ ಕಡ್ಡಿ, ಮಧ್ಯಕ್ಕೆ 2 ಪೌಂಡ್ ತೂಗು, ಅಂದ್ರೆ 907 ಗ್ರಾಂ, ಲೀಟರ್ ಬಾಟಲಿಗೆ ನೀರು ತುಂಬಿ ಅಡುಗೆಮನೆ ತಕ್ಕಡಿಲಿ ತೂಗಿ ಅಷ್ಟಕ್ಕೆ ನಿಲ್ಸಿ. ಎಷ್ಟು ಇಂಚು ಬಾಗ್ತೋ ಅದರಿಂದ 26ನ್ನ ಭಾಗಿಸಿ, ಬಂದದ್ದೇ ಪೌಂಡ್. 16.5 ಮಿಲಿಮೀಟರ್ ಬಾಗಿದ್ರೆ 40, 13 ಬಾಗಿದ್ರೆ ಹತ್ರ ಹತ್ರ 50. ಕಡ್ಡಿನ ತಿರುಗಿಸಿ ತಿರುಗಿಸಿ ನೋಡಿ, ಯಾವ ಬದಿ ಜಾಸ್ತಿ ಗಟ್ಟಿಯೋ ಅದು ಬಿಲ್ಲಿನ ಕಡೆ. ಮೂವತ್ತು ಕಡ್ಡಿ ಒಣಗಿಸಿದ್ರೆ ಒಂದೇ ಥರದ್ದು ಆರೋ ಏಳೋ ಸಿಗ್ಬಹುದು, ಅದನ್ನ ಒಂದು ಸೆಟ್ ಮಾಡ್ಕೊಳ್ಳಿ, ಉಳಿದದ್ದು ಹಿತ್ತಲ ಬೀನ್ಸ್ ಬಳ್ಳಿಗೆ.

ಸ್ಪರ್ಧೆಗೆ ಹೋಗೋರು ಮೊದಲು ರೂಲ್ಸ್ ನೋಡ್ಕೊಳ್ಳಿ. ಅಂತರರಾಷ್ಟ್ರೀಯ ಬಿಲ್ಲುಗಾರಿಕೆ ಸಂಸ್ಥೆ ವರ್ಲ್ಡ್ ಆರ್ಚರಿಯ ಫೀಲ್ಡ್ (ಕಾಡು ಗುಡ್ಡದಲ್ಲಿ ನಡೀತಾ ಹೊಡೆಯೋದು) ಮತ್ತೆ ತ್ರೀಡಿ (ಪ್ರಾಣಿ ಗೊಂಬೆಗೆ ಹೊಡೆಯೋದು) ಸ್ಪರ್ಧೆಲಿ ಲಾಂಗ್‌ಬೋ ವಿಭಾಗಕ್ಕೆ ಮರದ ಬಾಣವೇ ಆಗ್ಬೇಕು, ಅಲ್ಲಿ ನನ್ನ ಅಭಿಪ್ರಾಯ ನಡೆಯಲ್ಲ. ನಮ್ಮ ದೇಶದಲ್ಲಿ ಬಿದಿರಿನ ಬಿಲ್ಲಿಗೇ ಅಂತ ಇಂಡಿಯನ್ ರೌಂಡ್ ಇದೆ, ಒಲಿಂಪಿಕ್ಸ್‌ಗೆ ಹೋದ ಬಿಲ್ಲುಗಾರ್ತಿ ದೀಪಿಕಾ ಕುಮಾರಿ ಥರದವರು ಶುರು ಮಾಡಿದ್ದೇ ಬಿದಿರಿನ ಬಿಲ್ಲು ಬಾಣದಿಂದ. ಅಂಥ ಸ್ಪರ್ಧೆ ತಲೇಲಿದ್ರೆ ಬಿದಿರಿನ ಬಾಣದ ಕೆಲಸ ಬೇಗ ಶುರು ಮಾಡಿ. ಈಗ ಮಳೇಲಿ ಗಳಕ್ಕೆ ಕತ್ತಿ ಹಾಕ್ಬೇಡಿ, ಡಿಸೆಂಬರ್ ಬರ್ಲಿ. ಅಲ್ಲೀತನಕ ಆರು ಕಾರ್ಬನ್ ಸಾಕು, ಡಜನ್ ಬೇಡ.