ಓಡುವ ನಾಯಿ ‘ಸತ್ತೆನೋ’ ಅನ್ನುವುದು ಯಾಕೆ?

[ಪರದೆ ಮೇಲೆ: ‘ನಾಯಿ ಸತ್ತೆನೋ ಕೆಟ್ಟೆನೋ ಅಂತ ಓಡಿತು.’]

ನಮಸ್ಕಾರ. ಈ ವಾಕ್ಯ ನೋಡಿ. ಓಡಿದ್ದು ನಾಯಿ, ಸರಿ. ‘ಸತ್ತೆ’ ಅಂದವರು ಯಾರು? ‘ಸತ್ತಿತೋ ಕೆಟ್ಟಿತೋ’ ಅನ್ನಬೇಕಿತ್ತು ಅಲ್ವಾ? ಹಾಗೆ ಯಾರೂ ಹೇಳುವುದಿಲ್ಲ.

ಅವಸರ, ತರಾತುರಿ, ಗಡಿಬಿಡಿ, ಧಾವಂತ ಎಲ್ಲ ನಿಮಗೆ ಗೊತ್ತು. ಬಸ್ಸು ತಪ್ಪುವ ಹಾಗಿದ್ದರೆ ಅಷ್ಟು ಸಾಕು. ಜೀವಕ್ಕೇ ಬಂದಾಗ ಮಾತ್ರ ಕನ್ನಡ ಓಡುವವರ ಬಾಯಿಗೇ ಮಾತು ತುರುಕುತ್ತದೆ. ‘ಎದ್ದೆನೋ ಬಿದ್ದೆನೋ.’ ಕೊನೆಯ ‘ಓ’ ಇದೆಯಲ್ಲ, ಅದು ಅನುಮಾನದ್ದು. ‘ಬಂದನೋ ಇಲ್ಲವೋ’ ಅಂತೀವಲ್ಲ, ಅದೇ. ಎದ್ದಿದ್ದೇನಾ, ಬಿದ್ದಿದ್ದೇನಾ ಅಂತ ಓಡುವವನಿಗೇ ಖಾತ್ರಿ ಇಲ್ಲ, ನೋಡಿಕೊಳ್ಳಲು ಪುರುಸೊತ್ತೂ ಇಲ್ಲ. ನಾಲ್ಕು ಜನ ಓಡಿದರೆ ‘ಎದ್ದೆವೋ ಬಿದ್ದೆವೋ’. ಯಾರು ಎಡವಿದರೂ ವ್ಯಾಕರಣ ಎಡವುವುದಿಲ್ಲ!

ನನಗೆ ಇದಕ್ಕಿಂತ ಇಷ್ಟ ‘ಕಾಲಿಗೆ ಬುದ್ಧಿ ಹೇಳಿದ’. ಪೊಲೀಸರನ್ನು ಕಂಡ ಕಳ್ಳ ಮಾಡುವುದು ಇದನ್ನೇ. ತಲೆಗೆ ಹೇಳಿದ್ದರೆ ಕದಿಯಲಿಕ್ಕೇ ಹೋಗುತ್ತಿರಲಿಲ್ಲ, ಬಿಡಿ. ಕಾಂಪೌಂಡ್ ಹಾರಿ ಆಚೆ ಬಿದ್ದ ಮೇಲೆ ‘ಬದುಕಿದೆಯಾ ಬಡಜೀವವೇ’ ಅಂತಾನೆ. ಈಗ ಮಾತುಕತೆ ಜೀವದ ಜೊತೆ, ಅದೂ ಏಕವಚನದಲ್ಲಿ. ಓಡಿದ್ದು ಒಬ್ಬನೇ, ನಡೆದದ್ದು ಪೂರ್ತಿ ಸಭೆ.

ಟೈಮ್ ಕಮ್ಮಿ ಇದೆ, ಉಳಿದದ್ದು ಬೇಗ ಬೇಗ. ದುಡುಕಿಗೆ ಹುಂಬತನ, ಭಂಡಧೈರ್ಯ ಅಂತ ಪದಗಳಿವೆ. ಅವು ನೋಡುವವರು ಬೈಯಲಿಕ್ಕೆ. ದುಡುಕುವವರು ಹೇಳುವುದು ‘ಆದದ್ದಾಗಲಿ’, ‘ಹೋದರೆ ಹೋಗಲಿ’. ಇಲ್ಲಿ ‘ನಾನು’ ಮಾಯ! ಕೋಲಾರದ ಕಡೆ ಬೋರ್‌ವೆಲ್ 1,000 ಅಡಿ ದಾಟುವುದು ಹೊಸದಲ್ಲ. ಎರಡು ಬತ್ತಿದ ಮೇಲೆ ಮೂರನೆಯದಕ್ಕೆ ಸಾಲ ತರುವಾಗ ಬರುವ ಗಾದೆ: ‘ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.’ ನೀರೇ ಇಲ್ಲ ಅನ್ನುವುದು ಬೇರೆ ಮಾತು.

ಮೂರನೆಯದರಲ್ಲೂ ಬರೀ ಧೂಳು ಎದ್ದರೆ? ಆಗ ಬಾಯಿ ಕಟ್ಟುತ್ತದೆ, ಕೈ ಮಾತಾಡುತ್ತದೆ. ಕೈಚೆಲ್ಲಿದ. ತಲೆ ಮೇಲೆ ಕೈ ಹೊತ್ತು ಕೂತ. ‘ಹತಾಶೆ’ ಸಂಸ್ಕೃತದಿಂದ ಬಂದದ್ದು, ಪೇಪರಿನ ತಲೆಬರಹಕ್ಕೆ ಚೆನ್ನ. ಅರಳಿಕಟ್ಟೆ ಮೇಲೆ ಕೂತು ‘ನಾನು ಹತಾಶನಾಗಿದ್ದೇನೆ’ ಅಂದವರನ್ನು ನಾನಂತೂ ಕಂಡಿಲ್ಲ. ಜಾಸ್ತಿ ಅಂದರೆ ‘ಮುಗೀತು ಕಥೆ’ ಅಂತಾರೆ.

ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರೇ, ಕೈಚೆಲ್ಲಿ ಕೂತವರ ಬಗ್ಗೆ ನಿಮ್ಮೂರಲ್ಲಿ ಏನಂತಾರೆ? ಬರೆದು ಕಳಿಸಿ.