ಚಿಕಿತ್ಸೆಯ ಜೊತೆಗೊಂದು ಉಸಿರು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಜಿಲ್ಲೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ರಿಪೋರ್ಟ್ ಬಂದರೆ, ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬುದೇ ಮನೆಯವರಿಗೆ ಮೊದಲ ಚಿಂತೆ. ಕಾರವಾರ, ಅಂಕೋಲೆಯವರು ಗೋವಾದ ಕಡೆ ಹೊರಡುತ್ತಾರೆ. ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತಾರೆ. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ತಿರ. ಬಟ್ಟೆಬರೆ ಕಟ್ಟಿಕೊಳ್ಳುವಷ್ಟರಲ್ಲಿ ನೆಂಟರು ಬರುತ್ತಾರೆ, ಅವರೊಡನೆ ಇನ್ನೊಂದು ಮಾತೂ ಬರುತ್ತದೆ. ಆಪರೇಷನ್ ಬೇಕೇ ಬೇಕೇ? ಯಾರಿಗೋ ಬರೀ ಪ್ರಾಣಾಯಾಮದಲ್ಲೇ ಗಡ್ಡೆ ಕರಗಿತಂತಲ್ಲ?

ನನ್ನ ಎಡ ಸ್ತನದಲ್ಲಿ ಗಡ್ಡೆ ಕಂಡಾಗ ಈ ಮಾತು ನನ್ನ ಕಿವಿಗೆ ಉಳಿದವರಿಗಿಂತ ಹೆಚ್ಚಾಗಿಯೇ ಬಿತ್ತು. ಆ ಹೊತ್ತಿಗಾಗಲೇ ನಾನು ಕಾರವಾರದಲ್ಲಿ ಬಹಳ ಕಾಲದಿಂದ ಯೋಗ ಕಲಿಸುತ್ತಿದ್ದೆ. ಊರಿಗೆಲ್ಲ ಯೋಗ ಹೇಳಿಕೊಡುವವರಿಗೆ ಆಸ್ಪತ್ರೆ ಏಕೆ ಎಂದು ಪ್ರೀತಿಯಿಂದಲೇ ಕೇಳಿದವರಿದ್ದರು. ನಾನು ಆಪರೇಷನ್ ಮಾಡಿಸಿಕೊಂಡೆ, ಕಿಮೋ ತೆಗೆದುಕೊಂಡೆ, ನಮ್ಮ ಜನ ಕರೆಂಟ್ ಕೊಡುವುದು ಎನ್ನುವ ರೇಡಿಯೇಷನ್ನನ್ನೂ ಪೂರ್ತಿ ಮಾಡಿಸಿಕೊಂಡೆ. ರೋಗಕ್ಕೆ ಮದ್ದಾದದ್ದು ಅವು. ಅವುಗಳನ್ನೆಲ್ಲ ತಾಳಿಕೊಂಡು, ನಡುವೆ ಕೈಬಿಡದೆ ಕೊನೆ ಮುಟ್ಟುವ ಬಲ ಯೋಗದಿಂದ, ಧ್ಯಾನದಿಂದ ಬಂತು. ಒಂದರ ಜಾಗದಲ್ಲಿ ಇನ್ನೊಂದನ್ನು ತಂದಿಡುವ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸಂಕಟಕ್ಕೆ ಕಾರಣವಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಜ್ಞರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ನೋಡಿದ್ದು ದೇಹದ ಬೇರೆಡೆಗೆ ಇನ್ನೂ ಹರಡಿರದ, ಎಂದರೆ ಗುಣಪಡಿಸಬಹುದಾದ ಕ್ಯಾನ್ಸರುಗಳನ್ನು. ಆಸ್ಪತ್ರೆಯ ಚಿಕಿತ್ಸೆಯನ್ನು ಬಿಟ್ಟು ಪರ್ಯಾಯ ಪದ್ಧತಿಯನ್ನಷ್ಟೇ ನೆಚ್ಚಿಕೊಂಡವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತು. ಸ್ತನ ಕ್ಯಾನ್ಸರಿನಲ್ಲಂತೂ ಅದು ಐದು ಪಟ್ಟಿಗೂ ಹೆಚ್ಚು. ಈ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಇನ್ನು ಮುಂದೆ ನಾನು ಯೋಗವನ್ನು ಎಷ್ಟು ಹೊಗಳಿದರೂ ಅದನ್ನು ಕೇಳಿ ಯಾರೂ ಕಿಮೋದ ದಿನವನ್ನು ತಪ್ಪಿಸಬಾರದು.

ಹೊಗಳಲು ಬೇಕಾದಷ್ಟಿದೆ. ಬೆಂಗಳೂರಿನ ಬಳಿಯ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು ಅಮೆರಿಕದ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದವರೊಡನೆ ಸೇರಿ, ರೇಡಿಯೇಷನ್ ಪಡೆಯುತ್ತಿದ್ದ ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಸುಸ್ತು ಕಡಿಮೆಯಾಗಲು ಯೋಗವೇ ಬೇಕೆಂದಿರಲಿಲ್ಲ, ಮೈ ಎಳೆಯುವ ಸರಳ ವ್ಯಾಯಾಮವೂ ಸಾಕಾಯಿತು. ಆದರೆ ಯೋಗ ಮಾಡಿದವರು ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳುವುದರಲ್ಲಿ ಉಳಿದವರಿಗಿಂತ ಹೆಚ್ಚು ಚೇತರಿಸಿಕೊಂಡರು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ದಿನವಿಡೀ ಇಳಿಯಬೇಕಾದ ರೀತಿಯಲ್ಲಿ ಅವರಲ್ಲಿ ಹೆಚ್ಚು ಚೆನ್ನಾಗಿ ಇಳಿಯಿತು. ಹೊರಗಿನವರಿಗೆ ಇದು ಸಣ್ಣ ಸಂಗತಿ ಅನ್ನಿಸಬಹುದು. ಬಾವಿಯಿಂದ ಒಂದು ಕೊಡ ನೀರು ಸೇದಲಾಗದೆ ಕಟ್ಟೆಯ ಮೇಲೆ ಕುಳಿತುಬಿಟ್ಟ ಹೆಂಗಸಿಗೆ ಇದು ಸಣ್ಣದಲ್ಲ.

ನನಗೆ ಯೋಗದ ಬೆಲೆ ತಿಳಿದದ್ದು ಒಂದು ಗೋಡೆಯ ಮುಂದೆ. ಸ್ತನದ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆದ ಮೇಲೆ ಆ ಕಡೆಯ ಭುಜ ಸೆಟೆದುಕೊಳ್ಳುತ್ತದೆ. ತಲೆ ಬಾಚುವುದಕ್ಕೂ ಕೈ ಮೇಲೇಳುವುದಿಲ್ಲ. ಆದರೆ ರೇಡಿಯೇಷನ್ ಕೊಡುವಾಗ ಕೈಯನ್ನು ತಲೆಯ ಮೇಲಕ್ಕೆ ಎತ್ತಿಟ್ಟು ಅಲ್ಲಾಡದೆ ಮಲಗಿರಬೇಕು. ಕೈ ಏಳದಿದ್ದರೆ ಚಿಕಿತ್ಸೆಯೇ ಮುಂದಕ್ಕೆ ಹೋಗುತ್ತದೆ. ಗಾಯದ ನಳಿಕೆ ತೆಗೆದು, ಫಿಸಿಯೋಥೆರಪಿಯವರು ಸರಿ ಎಂದ ಮೇಲೆ, ಅಡುಗೆಮನೆಯ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲಕ್ಕೆ ತೆವಳಿಸುತ್ತಿದ್ದೆ. ಉಸಿರು ಬಿಡುವಾಗ ಮಾತ್ರ ಬೆರಳು ಏರಬೇಕು, ಎಳೆದುಕೊಳ್ಳುವಾಗ ಇದ್ದಲ್ಲೇ ನಿಲ್ಲಬೇಕು. ನೋವು ಚುಚ್ಚುವ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗೆರೆ. ಮರುದಿನದ ಗೆರೆ ಕೆಲವೊಮ್ಮೆ ಮೇಲೆ, ಕೆಲವೊಮ್ಮೆ ಕೆಳಗೆ. ಕೆಳಗಿದ್ದ ದಿನವೂ ಅದನ್ನು ಎಳೆಯಲೇಬೇಕು. ವರ್ಷಗಟ್ಟಲೆ ಬೇರೆಯವರಿಗೆ ಕಲಿಸಿದ ಯಾವ ಕಠಿಣ ಆಸನವೂ ಆ ಗೋಡೆಯಷ್ಟು ನನಗೆ ಕಲಿಸಲಿಲ್ಲ.

ಇನ್ನೊಂದು ಸಂಗತಿ ಎಲ್ಲರಿಗೂ ತಿಳಿದಿರಲಾರದು. ಎಡ ಸ್ತನಕ್ಕೆ ರೇಡಿಯೇಷನ್ ಕೊಡುವಾಗ ಅದರ ಹಿಂದೆಯೇ ಹೃದಯವಿರುತ್ತದೆ. ಅದಕ್ಕೆ ಕಿರಣ ತಾಗದಂತೆ ಕೆಲವು ಆಸ್ಪತ್ರೆಗಳಲ್ಲಿ ರೋಗಿಯ ಉಸಿರನ್ನೇ ಬಳಸಿಕೊಳ್ಳುತ್ತಾರೆ. ಆಳವಾಗಿ ಉಸಿರು ತುಂಬಿಕೊಂಡರೆ ಶ್ವಾಸಕೋಶ ಹಿಗ್ಗಿ, ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ. ಆ ಉಸಿರನ್ನು ಸುಮಾರು ಇಪ್ಪತ್ತು ಸೆಕೆಂಡು ಹಿಡಿದಿಟ್ಟುಕೊಂಡಿರುವಾಗ ಯಂತ್ರ ಕೆಲಸ ಮಾಡುತ್ತದೆ. ಕೋಣೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ಧ್ವನಿವರ್ಧಕದಿಂದ ತಂತ್ರಜ್ಞರ ದನಿ ಬರುತ್ತದೆ: ಉಸಿರು ತೆಗೆದುಕೊಳ್ಳಿ, ಹಿಡಿಯಿರಿ, ಬಿಡಿ. ಅಲ್ಲಿ ಎದೆಯ ಬಲಕ್ಕಿಂತ ಬೇಕಾಗುವುದು ಬಿಗಿಯದೆ ಇರುವ ಗುಣ. ಬೆನ್ನು ಕಮಾನಾಗಬಾರದು, ಭುಜ ಕಿವಿಯ ಹತ್ತಿರ ಬರಬಾರದು, ಎದೆ ಪ್ರತಿ ಸಲವೂ ಅಷ್ಟೇ ಎತ್ತರಕ್ಕೆ ಏರಿ ನಿಲ್ಲಬೇಕು. ಇಂಥ ಚಿಕಿತ್ಸೆಗೆ ಹೊರಟವರಿಗೆ ನಾನು ಈಗ ಮೊದಲು ಕಲಿಸುವುದು ಹಲ್ಲು ಕಚ್ಚದೆ, ನಾಲಗೆಯನ್ನು ಸಡಿಲ ಬಿಟ್ಟು ಉಸಿರು ತುಂಬಿಕೊಳ್ಳುವುದನ್ನು. ಅದೂ ಅವರ ವೈದ್ಯರನ್ನು ಕೇಳಿಯೇ.

ಹಗಲು ಹೇಗೋ ಕಳೆಯುತ್ತದೆ. ಸ್ಕ್ಯಾನ್ ಮಾಡಿಸಿ ಬಂದ ಮೇಲೆ ರಿಪೋರ್ಟ್ ಕೈಸೇರುವವರೆಗಿನ ರಾತ್ರಿಗಳು ಕಳೆಯುವುದಿಲ್ಲ. ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುತ್ತಿರುತ್ತದೆ, ಮನೆಮಂದಿಯೆಲ್ಲ ಮಲಗಿರುತ್ತಾರೆ, ಉಸಿರು ಗಂಟಲಿನಲ್ಲೇ ಬಂದು ಹೋಗುತ್ತಿರುತ್ತದೆ. ಪತಂಜಲಿ ಯೋಗದ ದಾರಿಯ ಒಂಬತ್ತು ಅಡ್ಡಿಗಳನ್ನು ಎಣಿಸುವಾಗ ಮೊದಲು ಹೇಳುವುದೇ ವ್ಯಾಧಿಯನ್ನು. ಆ ಅಡ್ಡಿಗಳ ಬೆನ್ನಿಗೇ ಬರುವಂಥವು ಎಂದು ದುಃಖ, ಕುಗ್ಗಿದ ಮನಸ್ಸು, ಮೈನಡುಕ ಮತ್ತು ಏರುಪೇರಾದ ಉಸಿರನ್ನು ಹೆಸರಿಸುತ್ತಾನೆ. ಆ ರಾತ್ರಿಗಳಲ್ಲಿ ಈ ನಾಲ್ಕೂ ನನ್ನ ಹಾಸಿಗೆಯಲ್ಲೇ ಇದ್ದವು. ಅವುಗಳಲ್ಲಿ ಕೈಗೆ ಸಿಗುವುದು ಉಸಿರೊಂದೇ. ನಾವು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅದನ್ನು ಆರೇಳಕ್ಕೆ ಇಳಿಸಿ, ಬಿಡುವ ಉಸಿರನ್ನು ಉದ್ದ ಮಾಡಿದರೆ, ವೇಗಸ್ ಎಂಬ ನರದ ಮೂಲಕ ಎದೆಬಡಿತ ತಗ್ಗುತ್ತದೆ, ಮೈ ಸಡಿಲವಾಗುತ್ತದೆ. ಕುಳಿತೇ ಮಾಡಬೇಕೆಂದಿಲ್ಲ. ಕಿಮೋ ಆದ ವಾರದಲ್ಲಿ ನಾನು ಒಂದು ಆಸನವನ್ನೂ ಮಾಡಲಿಲ್ಲ, ಮಂಚದ ಮೇಲೆ ಮಲಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿರುತ್ತಿದ್ದೆ. ಧ್ಯಾನ ಮಾಡಿದರೆ ಭಯ ಓಡಿಹೋಗುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಭಯ ಬಂದೇ ಬರುತ್ತಿತ್ತು. ಅದು ಎದೆಗುಳಿಯಲ್ಲಿ ಕುಳಿತಿದೆಯೋ ಗಂಟಲಲ್ಲಿ ಕುಳಿತಿದೆಯೋ ಎಂದು ನೋಡುತ್ತಿದ್ದರೆ, ಅದರ ಜೊತೆಗೇ ನಿದ್ದೆಯೂ ಬರುತ್ತಿತ್ತು.

ಕಾರವಾರದ ಪೇಟೆಯಲ್ಲಿ ಮೀನು ಮಾರುವ ಒಬ್ಬ ತಾಯಿ, ಕಿಮೋ ನಡೆಯುತ್ತಿದ್ದಾಗ ನನ್ನ ತರಗತಿಗೆ ಬರುತ್ತಿದ್ದರು. ಅವರಿಗೆ ಆಸನ ಕಲಿಸಿದ್ದು ಕಡಿಮೆ. ಬೆಳಿಗ್ಗೆ ಎದ್ದ ಕೂಡಲೇ ಕಣ್ಣು ಮುಚ್ಚಿ, ಅಂಗಾಲಿನಿಂದ ನೆತ್ತಿಯವರೆಗೆ ಮೈಯನ್ನು ಒಳಗಿನಿಂದ ಒಮ್ಮೆ ನೋಡಿಕೊಂಡು ಬರುವುದನ್ನು ಕಲಿಸಿದ್ದೆ. ಒಂದು ಸಂಜೆ ಅವರ ಫೋನ್ ಬಂತು. “ಅಕ್ಕೋರೇ, ಎಲ್ಲಿ ಅಂತ ಗೊತ್ತಾಗುವುದಿಲ್ಲ, ಆದರೆ ಒಳಗೆ ಏನೋ ಸರಿಯಿಲ್ಲ” ಎಂದರು. ಥರ್ಮಾಮೀಟರ್ ಇಟ್ಟರೆ 101 ಡಿಗ್ರಿ. ಕಿಮೋ ಆಗಿ ಒಂದೆರಡು ವಾರದೊಳಗೆ ರಕ್ತದ ಬಿಳಿಕಣಗಳು ತೀರಾ ಇಳಿದಿರುತ್ತವೆ. ಆಗ 100.4 ಡಿಗ್ರಿ ಮುಟ್ಟಿದ ಜ್ವರವೆಂದರೆ ತುರ್ತು ಸ್ಥಿತಿ. ಜ್ವರದ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯುವಂತಿಲ್ಲ. ಆ ರಾತ್ರಿಯೇ ಮಗ ಗಾಡಿ ಮಾಡಿಸಿ ಆಸ್ಪತ್ರೆಗೆ ಸೇರಿಸಿದ, ಹೊತ್ತಿಗೆ ಸರಿಯಾಗಿ ಆ್ಯಂಟಿಬಯಾಟಿಕ್ ಸಿಕ್ಕಿತು, ಅವರು ಉಳಿದುಕೊಂಡರು. ದೊಡ್ಡ ಆಸ್ಪತ್ರೆ ಗಂಟೆಗಟ್ಟಲೆ ದಾರಿಯಾಚೆ ಇರುವ ನಮ್ಮಂಥವರಿಗೆ, ಮೈಯ ಒಳಗನ್ನು ಇಷ್ಟು ಬೇಗ ಗುರುತಿಸುವ ಗಮನ ಜೀವ ಉಳಿಸುತ್ತದೆ.

ನಾನು ಅಂತರಂಗದ ಅರಿವು ಎಂದು ನಂಬುವುದು ಈ ಗಮನವನ್ನು. “ನನ್ನ ಒಳಗಿನ ದನಿ ಹೇಳಿತು, ಔಷಧಿ ಬಿಟ್ಟೆ” ಎಂದು ಬರುವವರೂ ಇದ್ದಾರೆ. ಅವರೊಡನೆ ಕುಳಿತು ಮಾತಾಡಿದರೆ ಒಳಗೆ ಸಿಗುವುದು ಬಳಲಿಕೆ, ಸೂಜಿಯ ಹೆದರಿಕೆ, ಖರ್ಚಿನ ಚಿಂತೆ. ಅವೆಲ್ಲ ನಿಜವಾದ ನೋವುಗಳೇ, ಅವನ್ನೂ ವೈದ್ಯರ ಮುಂದೆ ಬಾಯಿಬಿಟ್ಟು ಹೇಳಬೇಕು. ನಿಜವಾದ ಅರಿವು ಥರ್ಮಾಮೀಟರನ್ನೂ ರಕ್ತಪರೀಕ್ಷೆಯನ್ನೂ ದೂರ ತಳ್ಳುವುದಿಲ್ಲ, ತಾನೇ ಕೇಳಿ ಪಡೆಯುತ್ತದೆ. ಇನ್ನು, ದುಃಖ ನುಂಗಿಕೊಂಡಿದ್ದರಿಂದಲೇ ನಿನಗೆ ಕ್ಯಾನ್ಸರ್ ಬಂತು ಎಂದು ರೋಗಿಯ ಎದುರೇ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ರೋಗದ ಭಾರ ಹೊತ್ತವರ ತಲೆಯ ಮೇಲೆ ತಪ್ಪಿನ ಭಾರವನ್ನೂ ಹೇರುವುದು ಕ್ರೌರ್ಯ.

ಗೋಕರ್ಣದಿಂದ ಶಿರಸಿಯವರೆಗೆ ಯೋಗ ಕಲಿಸುತ್ತಿರುವ ನನ್ನ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ರೋಗಿ ಬಂದರೆ ಚಾಪೆ ಹಾಸುವ ಮೊದಲು ಆಸ್ಪತ್ರೆಯ ಕಾಗದ ಓದಿ. ಕ್ಯಾನ್ಸರ್ ಎಲುಬಿಗೆ ಹರಡಿದ್ದರೆ ಮುಂದಕ್ಕೆ ಬಾಗಿಸಬೇಡಿ, ತಿರುಚಿಸಬೇಡಿ, ಎಲುಬು ಮುರಿದೀತು. ಕಂಕುಳಿನ ಗ್ರಂಥಿ ತೆಗೆದ ಕೈಯ ಮೇಲೆ ಏಕಾಏಕಿ ಮೈಭಾರ ಹಾಕಿಸಬೇಡಿ, ಆ ಕೈ ಬಾತುಕೊಳ್ಳುವ ಅಪಾಯವಿದೆ. ಕಿಮೋದಿಂದ ಪಾದ ಜೋಮು ಹಿಡಿದವರನ್ನು ಗೋಡೆಯ ಪಕ್ಕದಲ್ಲೇ ನಿಲ್ಲಿಸಿ. ಹೊಟ್ಟೆಯ ಆಪರೇಷನ್ ಆದವರಿಗೆ, ರಕ್ತದೊತ್ತಡ ಹೆಚ್ಚಿರುವವರಿಗೆ ಕಪಾಲಭಾತಿ ಬೇಡ.

ಮನೆಯವರಿಗೂ ಒಂದು ಮಾತು. ನಮ್ಮ ಕಡೆ ಬೇರು, ತೊಗಟೆ, ಕಷಾಯಗಳಿಗೆ ಬರವಿಲ್ಲ, ಅವುಗಳನ್ನು ಕೊಡುವವರ ಮೇಲೆ ನನಗೆ ಗೌರವವೂ ಇದೆ. ಆದರೆ ಕೆಲವು ಮೂಲಿಕೆಗಳು ಕಿಮೋ ಔಷಧಿಯ ಕೆಲಸವನ್ನು ಕೆಡಿಸಬಲ್ಲವು, ಕೆಲವು ಯಕೃತ್ತಿಗೆ ಹೊರೆಯಾಗಬಲ್ಲವು. ಬೈಯುತ್ತಾರೆಂದು ಮುಚ್ಚಿಡಬೇಡಿ. ಮುಂದಿನ ಸಲ ಆಸ್ಪತ್ರೆಗೆ ಹೊರಡುವಾಗ ಆ ಪೊಟ್ಟಣವನ್ನೂ ಫೈಲಿನ ಜೊತೆ ಚೀಲಕ್ಕೆ ಹಾಕಿಕೊಂಡು ಹೋಗಿ, ವೈದ್ಯರ ಮೇಜಿನ ಮೇಲಿಟ್ಟು, ಇದನ್ನು ಕೊಡಬಹುದೇ ಎಂದು ಕೇಳಿ.

ನಮಸ್ಕಾರ.